ಬೆರಳು ಕೊಯ್ದ ಮೇಲಿನ ನಾಲ್ಕು ದಿನ

ಬೆಳಿಗ್ಗೆ ಏಳೂಕಾಲು. ಒಂದು ಒಲೆಯ ಮೇಲೆ ಕುಕ್ಕರ್ ಎರಡನೆಯ ಸೀಟಿ ಹೊಡೆದಿದೆ, ಇನ್ನೊಂದರ ಮೇಲೆ ಹಾಲು ಉಕ್ಕುವ ಹವಣಿಕೆಯಲ್ಲಿದೆ. ಶಾಲೆಯ ವ್ಯಾನು ಎಂಟಕ್ಕೆಲ್ಲ ಗೇಟಿನ ಬಳಿ ಹಾರನ್ ಬಾರಿಸುತ್ತದೆ. ಮಗುವಿನ ಒಂದು ಕಾಲುಚೀಲ ಸಿಗುತ್ತಿಲ್ಲ. "ಅಮ್ಮಾ..." ಎಂದು ಒಳಗಿನಿಂದ ಕೂಗು. ಹುರುಳಿಕಾಯಿ ಹೆಚ್ಚುತ್ತಿದ್ದ ನೀವು "ಇರೋ, ಬಂದೆ" ಎಂದು ಅತ್ತ ತಿರುಗುತ್ತೀರಿ. ಕಣ್ಣು ಅತ್ತ, ಚಾಕು ಇತ್ತ. ಚುಳ್ ಎನ್ನುತ್ತದೆ. ಹುರುಳಿಕಾಯಿಯ ಮೇಲೆ ಕೆಂಪು ಹನಿಗಳು.

ಮುಂದೆ ನಡೆಯುವುದು ಬಹುತೇಕ ಮನೆಗಳಲ್ಲಿ ಒಂದೇ. ಡಬ್ಬಿಯಿಂದ ಒಂದು ಚಿಟಿಕೆ ಅರಿಶಿನವೋ ಕಾಫಿಪುಡಿಯೋ ಗಾಯಕ್ಕೆ ಒತ್ತಿದ್ದಾಯಿತು. ಹಳೆಯ ಪಂಚೆಯ ಚೂರೊಂದನ್ನು ಸುತ್ತಿದ್ದಾಯಿತು. ಕಾಲುಚೀಲ ಹುಡುಕಿ, ಡಬ್ಬಿ ತುಂಬಿಸಿ, ಎಲ್ಲರನ್ನೂ ಕಳುಹಿಸಿ, ಆಮೇಲೆ ಅದೇ ಕೈಯಲ್ಲಿ ಪಾತ್ರೆಗಳನ್ನೂ ತೊಳೆದದ್ದಾಯಿತು.

ಬೆರಳು ಕೊಯ್ದುಕೊಂಡವರು ನಮ್ಮ ಬಳಿಗೆ ಬರುವುದು ಎರಡು ಸಂದರ್ಭಗಳಲ್ಲಿ. ರಕ್ತ ಕಂಡು ಗಾಬರಿಯಾಗಿ ಆ ಕ್ಷಣವೇ ಬರುವವರು ಕೆಲವರು. ಇವರಲ್ಲಿ ಹೆಚ್ಚಿನವರಿಗೆ ನಾವು ಮಾಡಬೇಕಾದದ್ದು ತೀರ ಕಡಿಮೆ. ಇನ್ನು ಕೆಲವರು ನಾಲ್ಕನೆಯ ದಿನ ಬರುತ್ತಾರೆ. ನನಗೆ ಚಿಂತೆ ಇವರದ್ದು.

ಕೆಲವು ತಿಂಗಳ ಹಿಂದೆ ಒಬ್ಬ ಗೃಹಿಣಿ ಗುರುವಾರ ಸಂಜೆ ಪತಿಯೊಡನೆ ಬಂದರು. ಮೂವತ್ತರ ಆಸುಪಾಸಿನ ವಯಸ್ಸು, ಬ್ಯಾಂಕಿನಲ್ಲಿ ಕೆಲಸ, ಐದು ವರ್ಷದ ಮಗ. ಎಡಗೈಯ ತೋರುಬೆರಳು ಊದಿ ಬದನೆಕಾಯಿಯಂತೆ ಹೊಳೆಯುತ್ತಿತ್ತು.

"ಏನಮ್ಮಾ, ಎಷ್ಟು ದಿನವಾಯಿತು?"

"ಸೋಮವಾರ ಕುಯ್ಕೊಂಡೆ ಡಾಕ್ಟ್ರೇ. ಏನೂ ಇರಲಿಲ್ಲ, ಸಣ್ಣ ಗಾಯ. ನಿನ್ನೆ ರಾತ್ರಿಯಿಂದ ಸಿಡೀತಾ ಇದೆ, ಕಣ್ಣು ಮುಚ್ಚಿಲ್ಲ."

"ನಾನು ಅವತ್ತೇ ಹೇಳಿದ್ದೆ ಸಾರ್, ಡಾಕ್ಟ್ರಿಗೆ ತೋರಿಸು ಅಂತ" ಎಂದರು ಪತಿ.

"ಸರಿ, ಸೋಮವಾರದಿಂದ ಪಾತ್ರೆ ತೊಳೆದವರು ಯಾರು?" ಎಂದು ಕೇಳಿದೆ. ಇಬ್ಬರೂ ಮಾತನಾಡಲಿಲ್ಲ.

ಉಗುರಿನ ಪಕ್ಕದಲ್ಲಿ ಕೀವು ತುಂಬಿತ್ತು. ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೀವು ತೆಗೆದೆ. ಎರಡು ದಿನ ರಜೆ, ಹತ್ತು ದಿನ ಡ್ರೆಸ್ಸಿಂಗ್. ಸೋಮವಾರ ಬೆಳಿಗ್ಗೆ ಹತ್ತು ನಿಮಿಷ, ಆಮೇಲೆ ನಾಲ್ಕು ದಿನ ಒಂದಿಷ್ಟು ಎಚ್ಚರ ವಹಿಸಿದ್ದರೆ ಬಹುಶಃ ಇದಾವುದೂ ಬೇಕಿರಲಿಲ್ಲ.

ಮೊದಲ ಹತ್ತು ನಿಮಿಷ

ಮೊದಲು ಒಲೆ ಆರಿಸಿ. ಇದನ್ನು ಏಕೆ ಹೇಳುತ್ತೇನೆಂದರೆ, ರಕ್ತ ಕಂಡು ತಲೆ ತಿರುಗಿ ಬೀಳುವವರು ಬಹಳ ಮಂದಿ ಇದ್ದಾರೆ. ಗಟ್ಟಿ ಗಂಡಸರೂ ಬೀಳುತ್ತಾರೆ. ಉರಿಯುವ ಒಲೆಯ ಮುಂದೆ ಬಿದ್ದರೆ ಬೆರಳಿನ ಗಾಯ ಲೆಕ್ಕಕ್ಕೇ ಇರುವುದಿಲ್ಲ. ಕುಳಿತುಕೊಳ್ಳಿ. ಕಣ್ಣು ಕತ್ತಲೆ ಬಂದರೆ ನೆಲದ ಮೇಲೆ ಮಲಗಿಬಿಡಿ. ಗಾಯವಾದ ಬೆರಳಿನಲ್ಲೋ ಅದರ ಪಕ್ಕದ ಬೆರಳಿನಲ್ಲೋ ಉಂಗುರವಿದ್ದರೆ ಊತ ಬರುವ ಮೊದಲೇ ಈಗಲೇ ತೆಗೆಯಿರಿ. ಊದಿದ ಮೇಲೆ ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ, ಚಿನ್ನದ ಆಸೆಗೆ ತಡಮಾಡಿದರೆ ಬೆರಳಿಗೇ ಅಪಾಯ.

ರಕ್ತ ತೊಟ್ಟಿಕ್ಕುತ್ತಿದ್ದರೆ ಗಾಯವನ್ನು ನಲ್ಲಿಯ ನೀರಿಗೆ ಒಡ್ಡಿ ಚೆನ್ನಾಗಿ ತೊಳೆಯಿರಿ. ಕುಡಿಯಲು ಯೋಗ್ಯವಾದ ನೀರು ಸಾಕು, ಆಸ್ಪತ್ರೆಯ ಸಲೈನೇ ಬೇಕೆಂದಿಲ್ಲ. ಸುತ್ತಲಿನ ಚರ್ಮಕ್ಕೆ ಸೋಪು ಹಾಕಬಹುದು. ರಕ್ತ ಧಾರೆಯಾಗಿ ಹರಿಯುತ್ತಿದ್ದರೆ ಮಾತ್ರ ತೊಳೆಯುವುದು ಆಮೇಲೆ, ಒತ್ತಿ ಹಿಡಿಯುವುದು ಮೊದಲು.

ಒತ್ತಿ ಹಿಡಿಯುವುದೆಂದರೆ ಹೇಗೆ? ಒಗೆದು ಒಣಗಿಸಿದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಗಾಯದ ಮೇಲಿಟ್ಟು, ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದು, ಕೈಯನ್ನು ಎದೆಗಿಂತ ಮೇಲೆತ್ತಿ ಕುಳಿತುಕೊಳ್ಳಿ. ಹತ್ತು ನಿಮಿಷ. ಗಡಿಯಾರ ನೋಡಿ ಹತ್ತು ನಿಮಿಷ. ನಾವೆಲ್ಲರೂ ಮಾಡುವ ತಪ್ಪೆಂದರೆ ಅರ್ಧ ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ "ನಿಂತಿತೇ?" ಎಂದು ಇಣುಕುವುದು. ಪ್ರತಿ ಬಾರಿ ಎತ್ತಿದಾಗಲೂ ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಬಟ್ಟೆಯ ಜೊತೆ ಎದ್ದುಬರುತ್ತದೆ, ಮತ್ತೆ ಮೊದಲಿನಿಂದ ಆರಂಭ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಿ. ಹೃದಯದ ಕಾಯಿಲೆಗಾಗಿ ಆಸ್ಪಿರಿನ್‌ನಂಥ ಮಾತ್ರೆ ಸೇವಿಸುವವರಿಗೆ ರಕ್ತ ನಿಲ್ಲಲು ಇನ್ನೂ ಕೆಲವು ನಿಮಿಷ ಹಿಡಿಯಬಹುದು, ಹೆದರಬೇಕಾಗಿಲ್ಲ. ಆದರೆ ಯಾರಿಗೇ ಆಗಲಿ, ಇಣುಕದೆ ಇಪ್ಪತ್ತು ನಿಮಿಷ ಒತ್ತಿದ ಮೇಲೂ ರಕ್ತ ನಿಲ್ಲದಿದ್ದರೆ, ಇಲ್ಲವೇ ಚಿಮ್ಮುತ್ತಿದ್ದರೆ, ಒತ್ತಿಕೊಂಡೇ ವೈದ್ಯರ ಬಳಿಗೆ ಹೊರಡಿ.

ಬೆರಳಿನ ಬುಡಕ್ಕೆ ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿಯುವ ಪದ್ಧತಿ ಇದೆಯಲ್ಲ, ಅದು ಬೇಡವೇ ಬೇಡ. ಗಡಿಬಿಡಿಯಲ್ಲಿ ಅದನ್ನು ಬಿಚ್ಚಲು ಮರೆತರೆ ರಕ್ತವಿಲ್ಲದೆ ಬೆರಳು ಕಪ್ಪಿಟ್ಟು ಸತ್ತುಹೋಗಬಲ್ಲುದು.

ಈಗ ಅರಿಶಿನದ ವಿಚಾರ. ಇದನ್ನು ಬರೆದರೆ ಓದುಗರಿಂದ ಕೋಪದ ಪತ್ರಗಳು ಬರುತ್ತವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅರಿಶಿನದಲ್ಲಿ ಒಳ್ಳೆಯ ಗುಣಗಳಿಲ್ಲವೆಂದು ನಾನು ಹೇಳುತ್ತಿಲ್ಲ. ನಿಮ್ಮ ಸಾಂಬಾರ ಡಬ್ಬಿಯಲ್ಲಿರುವುದು ಎಷ್ಟು ಕೈಗಳು, ಎಷ್ಟು ಚಮಚಗಳು ಹೊಕ್ಕು ಬಂದ ಪುಡಿ ಎಂಬುದು ನನ್ನ ಪ್ರಶ್ನೆ. ಬಣ್ಣ ಹೆಚ್ಚಿಸಲೆಂದು ಸೀಸದ ಅಂಶವಿರುವ ಬಣ್ಣ ಬೆರೆಸಿದ ಅರಿಶಿನವೂ ಮಾರುಕಟ್ಟೆಯಲ್ಲಿ ಸಿಕ್ಕಿಬಿದ್ದದ್ದುಂಟು. ಪುಡಿ ಹಾಕಿದ ಮೇಲೆ ರಕ್ತ ನಿಂತಿತಲ್ಲ ಎನ್ನುತ್ತೀರಿ. ಪುಡಿ ಹಾಕಿ ಒತ್ತಿ ಹಿಡಿದಿದ್ದಿರಿ, ನಿಲ್ಲಿಸಿದ್ದು ನಿಮ್ಮ ಹೆಬ್ಬೆರಳು. ಕಾಫಿಪುಡಿಯದ್ದೂ ಅದೇ ಕಥೆ. ಆಳವಾದ ಗಾಯದೊಳಗೆ ಗಟ್ಟಿಯಾಗಿ ಕೂತ ಕಾಫಿಪುಡಿಯನ್ನು ಕಣಕಣವಾಗಿ ತೆಗೆಯುವಾಗ ರೋಗಿ ಪಡುವ ನೋವನ್ನು ನಾನು ನೋಡಿದ್ದೇನೆ. ಸ್ಪಿರಿಟ್, ನೀರು ಬೆರೆಸದ ಡೆಟಾಲ್, ಬುರುಬುರು ನೊರೆ ಬರುವ ಹೈಡ್ರೊಜನ್ ಪೆರಾಕ್ಸೈಡ್ ಇವು ಕೂಡ ಗಾಯದೊಳಗೆ ಬೇಡ. ಉರಿದಷ್ಟೂ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ, ಆದರೆ ಉರಿಯುವುದು ಕ್ರಿಮಿಗಳಷ್ಟೇ ಅಲ್ಲ, ಹೊಸದಾಗಿ ಕೂಡಿಕೊಳ್ಳಬೇಕಾದ ನಿಮ್ಮದೇ ಜೀವಕೋಶಗಳೂ ಹೌದು.

ಸುಟ್ಟ ಗಾಯವಾದರೆ ದಾರಿ ಬೇರೆ: ಟೂತ್‌ಪೇಸ್ಟ್, ದೋಸೆಹಿಟ್ಟು, ಇಂಕು ಯಾವುದನ್ನೂ ಬಳಿಯದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ, ಐಸ್ ಇಡಬೇಡಿ. ಅದರ ಬಗ್ಗೆ ಇನ್ನೊಂದು ವಾರ ವಿವರವಾಗಿ ಬರೆಯುವೆ.

ಪಟ್ಟಿ ಕಟ್ಟುವ ಮೊದಲು

ರಕ್ತ ನಿಂತಿತು. ಕೂಡಲೇ ಪಟ್ಟಿ ಸುತ್ತಬೇಡಿ. ಒಂದು ಅರ್ಧ ನಿಮಿಷ ಗಾಯವನ್ನು ಪರೀಕ್ಷಿಸಿ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಡಿ.

ಬೆರಳಿನ ಮೂರು ಗೆಣ್ಣುಗಳನ್ನೂ ಒಂದೊಂದಾಗಿ ಮಡಿಸಿ, ಬಿಡಿಸಿ. ತುದಿಯ ಗೆಣ್ಣನ್ನು ಮರೆಯದೆ ಮಡಿಸಿ ನೋಡಿ. ಬೆರಳನ್ನು ಮಡಿಸಲು, ಬಿಡಿಸಲು ಟೆಂಡನ್ ಎಂಬ ಗಟ್ಟಿ ದಾರಗಳು ಒಳಗಿವೆ. ಅದೊಂದು ತುಂಡಾಗಿದ್ದರೆ ಹೊರಗೆ ಗಾಯ ಅಂಗುಲದ ಕಾಲುಭಾಗವಿದ್ದರೂ ಬೆರಳು ಮಡಿಸಲು ಬರುವುದಿಲ್ಲ. ನಂತರ ಗಾಯದ ಆಚೆಗಿನ ಬೆರಳ ತುದಿಯನ್ನು ಎಡಬಲ ಎರಡೂ ಕಡೆ ಮೆಲ್ಲಗೆ ಮುಟ್ಟಿ. ಒಂದು ಕಡೆ ಜೋಮು ಹಿಡಿದಂತಿದ್ದರೆ ನರ ತುಂಡಾಗಿರಬಹುದು. ಇವೆರಡರಲ್ಲಿ ಯಾವುದೇ ಒಂದಿದ್ದರೂ ಮನೆಯಲ್ಲಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮ ಕೂಡಿಕೊಂಡು ಗಾಯ ಮಾಯ್ದರೂ ಒಳಗಿನ ದಾರ ತಾನಾಗಿ ಕೂಡುವುದಿಲ್ಲ. ತಡವಾದಷ್ಟೂ ತುಂಡಾದ ತುದಿ ಹಿಂದಕ್ಕೆ ಸರಿದು ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ.

ಇದರಲ್ಲಿ ನಮ್ಮನ್ನು ಹೆಚ್ಚು ಮೋಸಗೊಳಿಸುವುದು ತೆಂಗಿನಕಾಯಿ. ಹೋಳನ್ನು ಅಂಗೈಯಲ್ಲಿ ಹಿಡಿದು ಚಾಕುವಿನ ತುದಿಯಿಂದ ಕಾಯಿ ಎಬ್ಬಿಸುವಾಗ ಚಾಕು ಜಾರಿ ಅಂಗೈಗೆ ಚುಚ್ಚುತ್ತದೆ. ನೋಡಿದರೆ ಸಣ್ಣ ಸೀಳು, ರಕ್ತವೂ ಅಷ್ಟಿಲ್ಲ. ಆದರೆ ಆಳಕ್ಕಿಳಿದ ತುದಿ ಏನನ್ನು ಕತ್ತರಿಸಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ. ಅಂಗೈಗೆ ಚುಚ್ಚಿದ ಗಾಯವನ್ನು ಗಾತ್ರ ನೋಡಿ ಅಳೆಯಬೇಡಿ, ತೋರಿಸಿಬಿಡಿ.

ಗಾಯದ ಅಂಚುಗಳು ಬಾಯಿ ತೆರೆದಂತೆ ಅಗಲವಾಗಿ ನಿಂತಿದ್ದರೆ, ಒಳಗೆ ಹಳದಿ ಕೊಬ್ಬು ಕಾಣುತ್ತಿದ್ದರೆ, ಗಾಯ ಗೆಣ್ಣಿನ ಮೇಲೇ ಇದ್ದು ಮಡಿಸಿದಾಗಲೆಲ್ಲ ಬಿರಿಯುತ್ತಿದ್ದರೆ ಹೊಲಿಗೆ ಬೇಕಾಗಬಹುದು. ಅದಕ್ಕೆ ಆರೆಂಟು ಗಂಟೆಯೊಳಗೆ ಬಂದರೆ ಒಳ್ಳೆಯದು. "ಆಫೀಸು ಮುಗಿಸಿಕೊಂಡು ನಾಳೆ ಬರುತ್ತೇನೆ" ಎಂದರೆ ಅಷ್ಟು ಹೊತ್ತಿಗೆ ಗಾಯದೊಳಗೆ ಕ್ರಿಮಿಗಳು ಸಂಸಾರ ಹೂಡಿರುತ್ತವೆ. ತುದಿಯ ಚರ್ಮ ಬೇಳೆಯಷ್ಟು ಹಾರಿಹೋಗಿದ್ದು ಮೂಳೆ ಕಾಣದಿದ್ದರೆ ಸಾಮಾನ್ಯವಾಗಿ ಹೊಲಿಗೆಯಿಲ್ಲದೆ ತುಂಬಿಕೊಳ್ಳುತ್ತದೆ, ಕೆಲವು ವಾರ ತಾಳ್ಮೆ ಬೇಕು. ಬೆರಳಿನ ತುಂಡೇ ಬೇರೆಯಾದ ಅಪರೂಪದ ಪ್ರಸಂಗದಲ್ಲಿ ಅದನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಟ್ಟು ತನ್ನಿ. ತುಂಡು ನೇರವಾಗಿ ಐಸಿಗೆ ತಾಗಬಾರದು.

ಇಂಜೆಕ್ಷನ್ ಬೇಕೇ?

"ಡಾಕ್ಟ್ರೇ, ಒಂದು ಟಿ.ಟಿ. ಹಾಕಿಬಿಡಿ" ಎನ್ನುವ ಮಾತು ದಿನಕ್ಕೊಮ್ಮೆಯಾದರೂ ಕೇಳುತ್ತದೆ. ಪ್ರತಿ ಗೀರಿಗೂ, ಆರು ತಿಂಗಳಿಗೊಮ್ಮೆ, ಇದು ಬೇಕಾಗಿಲ್ಲ. ಧನುರ್ವಾಯುವಿಗೆ ಕಾರಣ ತುಕ್ಕು ಅಲ್ಲ. ಮಣ್ಣಿನಲ್ಲಿ, ಧೂಳಿನಲ್ಲಿ, ಸಗಣಿಯಲ್ಲಿ ಇರುವ ಒಂದು ಕ್ರಿಮಿಯ ಬೀಜಕಣಗಳು. ಚಿಕ್ಕಂದಿನ ಲಸಿಕೆಗಳು ಪೂರ್ತಿಯಾಗಿದ್ದವರಿಗೆ ಶುಭ್ರವಾದ ಸಣ್ಣ ಗಾಯವಾದರೆ ಕಡೆಯ ಚುಚ್ಚುಮದ್ದಿನಿಂದ ಹತ್ತು ವರ್ಷ ಕಳೆದಿದ್ದರೆ ಮಾತ್ರ ಇನ್ನೊಂದು ಬೇಕು. ಗಾಯ ಆಳವಾಗಿದ್ದರೆ, ಮಣ್ಣು ಮೆತ್ತಿದ್ದರೆ ಐದು ವರ್ಷದ ಲೆಕ್ಕ. ಬೇರುಸಮೇತ ತಂದ ಮಣ್ಣು ತುಂಬಿದ ಸೊಪ್ಪು ಕೊಯ್ಯುವಾಗ ಆದ ಗಾಯವನ್ನು ಎರಡನೆಯ ಗುಂಪಿಗೆ ಸೇರಿಸಿ.

ನಮ್ಮ ಬ್ಯಾಂಕಿನ ಆ ತಾಯಿಗೆ ಬಸಿರಿನಲ್ಲಿ ಚುಚ್ಚುಮದ್ದು ಹಾಕಿದ್ದರು, ಮಗನಿಗೆ ಐದು ವರ್ಷ. ಶುಭ್ರವಾದ ಗಾಯವಾಗಿದ್ದಿದ್ದರೆ ಆಕೆಗೆ ಬೇಕಿರಲಿಲ್ಲ. ಪತಿಯನ್ನು ವಿಚಾರಿಸಿದೆ. ಹೈಸ್ಕೂಲಿನಲ್ಲಿ ಹಾಕಿಸಿಕೊಂಡ ಮೇಲೆ ನೆನಪಿಲ್ಲವೆಂದರು. ಗಾಯವಾದದ್ದು ಹೆಂಡತಿಗೆ, ಲಸಿಕೆ ಬಾಕಿ ಇದ್ದದ್ದು ಗಂಡನಿಗೆ! ನಮ್ಮ ಗಂಡಸರಲ್ಲಿ ಬಹಳ ಮಂದಿಯ ಸ್ಥಿತಿ ಇದು. ಗರ್ಭಿಣಿಯರಿಗೂ ಮಕ್ಕಳಿಗೂ ತಪ್ಪದೆ ಲಸಿಕೆ ಕೊಟ್ಟದ್ದರ ಫಲವಾಗಿ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿಕೊಂಡಿತು. ಈಗ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಟಿ.ಟಿ. ಬದಲು ಗಂಟಲಮಾರಿಗೂ ರಕ್ಷಣೆ ಕೊಡುವ ಟಿ.ಡಿ. ಇದೆ. ಹೆಸರು ಬದಲಾಗಿದೆಯೆಂದು ಗಲಿಬಿಲಿ ಬೇಡ. ಹಾಕಿಸಿಕೊಂಡ ದಿನಾಂಕವನ್ನು ಮಗುವಿನ ತಾಯಿ ಕಾರ್ಡಿನ ಹಿಂದೆ ಬರೆದಿಡಿ.

ಕೈಗೆ ರಜೆ

ಇಷ್ಟೆಲ್ಲ ಸುಲಭದ ಮಾತು. ಕಷ್ಟವಿರುವುದು ಇನ್ನು ಮುಂದೆ.

ಗಾಯದ ಮೇಲೆ ತೆಳುವಾಗಿ ವ್ಯಾಸಲಿನ್ ಸವರಿ ಶುಭ್ರವಾದ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸಿ. ಬೆರಳ ತುದಿ ನೀಲಿಯಾದರೆ, ಜುಮ್ಮೆಂದರೆ ಕಟ್ಟು ಬಿಗಿಯಾಗಿದೆಯೆಂದು ಅರ್ಥ. "ಗಾಳಿಯಾಡಲಿ" ಎಂದು ಗಾಯವನ್ನು ತೆರೆದಿಡುವ ಪದ್ಧತಿ ಹಳೆಯದು. ಒಣಗಿ ಬಿರಿದ ಗಾಯಕ್ಕಿಂತ ಮುಚ್ಚಿಟ್ಟ, ಕೊಂಚ ಪಸೆಯಿರುವ ಗಾಯ ಬೇಗ ಮಾಯುತ್ತದೆ. ಪಸೆ ಬೇರೆ, ನೆನೆಯುವುದು ಬೇರೆ. ಸ್ನಾನದಲ್ಲಿ ಸ್ವಲ್ಪ ನೀರು ತಗಲಿದರೆ ಒರೆಸಿ ಹೊಸ ಪಟ್ಟಿ ಹಾಕಿದರಾಯಿತು. ಅರ್ಧ ಗಂಟೆ ಸಾಬೂನು ನೀರಿನಲ್ಲಿ ಮುಳುಗಿ ಬೆಳ್ಳಗೆ ಸುಕ್ಕುಗಟ್ಟಿದ ಚರ್ಮ ಕೂಡಿಕೊಳ್ಳುವುದಿಲ್ಲ, ಬಾಯಿ ಬಿಡುತ್ತದೆ. ನೆನೆದ ಪಟ್ಟಿ ಬೆಚ್ಚಗಿನ ಕೆಸರಿನಂತೆ, ಕ್ರಿಮಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

"ಕೈ ನೆನೆಸಬೇಡಿ" ಎಂದು ನಾವು ವೈದ್ಯರು ಚೀಟಿಯಲ್ಲಿ ಬರೆದುಬಿಡುತ್ತೇವೆ. ಎರಡು ವರ್ಷದ ಹಿಂದೆ ನಾನೇ ತೆಂಗಿನಕಾಯಿ ಒಡೆಯುವಾಗ ಹೆಬ್ಬೆರಳು ಕೊಯ್ದುಕೊಂಡೆ. ಪ್ರತಿ ರೋಗಿಯನ್ನು ನೋಡಿದ ಮೇಲೆ ಕೈ ತೊಳೆಯುವ ಕಸುಬು ನನ್ನದು. ಸಂಜೆಯ ಹೊತ್ತಿಗೆ ಪಟ್ಟಿ ಮೂರು ಬಾರಿ ನೆನೆದು ಕಿತ್ತುಬಂದಿತ್ತು. "ಬೇರೆಯವರಿಗೆ ಹೇಳುತ್ತೀರಲ್ಲ" ಎಂದು ಮನೆಯಲ್ಲಿ ನಕ್ಕರು. ಅಂದಿನಿಂದ ಆ ಸಾಲು ಬರೆಯುವಾಗ ಪೆನ್ನು ಸ್ವಲ್ಪ ನಿಧಾನವಾಗುತ್ತದೆ.

ಒಂದು ಬೆಳಗಿನ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ಅಕ್ಕಿ ತೊಳೆಯುವುದು, ತರಕಾರಿ ತೊಳೆಯುವುದು, ಹಿಟ್ಟು ಕಲಸುವುದು, ಪಾತ್ರೆ, ಮಗುವಿನ ಸ್ನಾನ, ಬಟ್ಟೆ ನೆನೆಹಾಕುವುದು, ನೆಲ ಒರೆಸುವುದು. ಎಲ್ಲವೂ ನೀರಿನದೇ ಕೆಲಸ, ಎಲ್ಲವೂ ಹೆಚ್ಚಾಗಿ ಒಬ್ಬರದೇ ಕೈ. ಆದ್ದರಿಂದ ನಾನೀಗ ಸಲಹೆಯನ್ನು ಗಾಯಗೊಂಡವರಿಗೆ ಹೇಳುವುದಿಲ್ಲ, ಜೊತೆಗೆ ಬಂದವರಿಗೆ ಹೇಳುತ್ತೇನೆ. ನಾಲ್ಕು ದಿನ ನೀರಿನ ಕೆಲಸ ಗಂಡನದ್ದು. ಅತ್ತೆ, ಮಾವ ಇದ್ದರೆ ಮಗುವಿನ ಸ್ನಾನ ಅವರದ್ದು. ಕೆಲಸದವರು ಬರುವ ಮನೆಯಾದರೆ ಬೆಳಗಿನ ಪಾತ್ರೆಯೂ ಅವರಿಗಿರಲಿ, ಅದಕ್ಕೆ ಬೇರೆ ಹಣ ಕೊಡಿ. ಯಾರೂ ಇಲ್ಲದ ಪುಟ್ಟ ಸಂಸಾರದಲ್ಲಿ ಎರಡು ದಿನ ಅವಲಕ್ಕಿ, ಉಪ್ಪಿಟ್ಟಿನಲ್ಲೇ ಕಳೆಯಲಿ. ತೀರ ಅನಿವಾರ್ಯವೆಂದರೆ ಪಟ್ಟಿಯ ಮೇಲೆ ರಬ್ಬರ್ ಕೈಗವಸು ಹಾಕಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಗವಸು ತೆಗೆದು, ಒಳಗೆ ಬೆವರಿದ್ದರೆ ಪಟ್ಟಿ ಬದಲಿಸಿ.

ಮನೆಯವರೆಲ್ಲ ಇದನ್ನು ಗಂಭೀರವಾಗಿ ತೆಗೆದುಕೊಳ್ಳಲು ಇನ್ನೂ ಒಂದು ಕಾರಣವಿದೆ. ಕೀವು ತುಂಬಿದ ಬೆರಳಿನಲ್ಲಿ ಸಾಮಾನ್ಯವಾಗಿ ಇರುವ ಸ್ಟೆಫೈಲೊಕಾಕಸ್ ಎಂಬ ಕ್ರಿಮಿ ಆಹಾರಕ್ಕೆ ಸೇರಿ ಬೆಚ್ಚಗಿನ ಜಾಗದಲ್ಲಿ ಕೆಲವು ಗಂಟೆ ಇದ್ದರೆ ವಿಷವೊಂದನ್ನು ತಯಾರಿಸುತ್ತದೆ. ಆ ಬೆರಳಿನಿಂದ ಕಲಸಿದ ಚಿತ್ರಾನ್ನ ಮಗುವಿನ ಡಬ್ಬಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿರುತ್ತದೆಯಲ್ಲವೇ? ವಾಸನೆ, ರುಚಿ ಏನೂ ಕೆಟ್ಟಿರುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ, ಹೊಟ್ಟೆನೋವು, ಕೆಲವರಿಗೆ ಭೇದಿ. ಒಮ್ಮೆ ವಿಷ ಹುಟ್ಟಿದ ಮೇಲೆ ಕುದಿಸಿದರೂ ಅದು ಹೋಗುವುದಿಲ್ಲ. ಕೀವಿರುವ ಬೆರಳು ಗುಣವಾಗುವವರೆಗೆ ಅಡುಗೆ ಬೇರೆಯವರು ಮಾಡಬೇಕು.

ಇನ್ನು ಪಥ್ಯ. ಗಾಯವಾದರೆ ಬದನೆಕಾಯಿ ನಂಜು, ಆಲೂಗಡ್ಡೆ ನಂಜು, ಮೊಟ್ಟೆ ಬೇಡ, ಕಡಲೆಕಾಯಿ ಬೇಡ ಎಂದು ಹಿರಿಯರು ಹೇಳುತ್ತಾರೆ. ಇದಕ್ಕೆ ಆಧಾರವಿಲ್ಲ. ಗಾಯ ಮಾಯಲು ಸಸಾರಜನಕ ಬೇಕು. ಬೇಳೆ, ಕಾಳು, ಹಾಲು, ತಿನ್ನುವವರಾದರೆ ಮೊಟ್ಟೆ, ಎಲ್ಲವನ್ನೂ ತಿನ್ನಿ. ಔಷಧದಂಗಡಿಯಿಂದ ನಾಲ್ಕು ಆಂಟಿಬಯಾಟಿಕ್ ಕ್ಯಾಪ್ಸೂಲು ತಂದು ನುಂಗುವುದೂ ಬೇಡ. ಶುಭ್ರವಾದ ಸಣ್ಣ ಗಾಯಕ್ಕೆ ಅದು ಅನಗತ್ಯ, ಕೀವಾದ ಗಾಯಕ್ಕೆ ನಾಲ್ಕು ಕ್ಯಾಪ್ಸೂಲು ಸಾಲದು.

ಸಾಧಾರಣವಾಗಿ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಎರಡನೆಯ, ಮೂರನೆಯ ದಿನ ಅದು ಏರಿದರೆ, ರಾತ್ರಿ ನಿದ್ದೆಗೆಡಿಸುವಂತೆ ಸಿಡಿದರೆ, ಬೆರಳು ಕೆಂಪಗೆ ಬಿಸಿಯಾಗಿ ಊದಿದರೆ ಬೆಳಗಾಗುತ್ತಲೇ ತೋರಿಸಿ. ಇಡೀ ಬೆರಳು ಕೊಕ್ಕೆಯಂತೆ ಬಾಗಿ, ನೇರ ಮಾಡಲು ಹೋದರೆ ಜೀವ ಹೋಗುವಂತಾದರೆ, ಕೈಮೇಲೆ ಕೆಂಪು ಗೆರೆ ಹತ್ತಿದರೆ, ಚಳಿಜ್ವರ ಬಂದರೆ ಬೆಳಗಾಗುವುದನ್ನೂ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರು ಇಷ್ಟೆಲ್ಲ ಆಗುವವರೆಗೆ ಸುಮ್ಮನಿರದೆ ಮೊದಲ ದಿನವೇ ತೋರಿಸುವುದು ಲೇಸು.

ಚಾಕುಗಳ ಬಗ್ಗೆ ಎರಡು ಮಾತು. ಮೊಂಡು ಚಾಕು ಹರಿತವಾದದ್ದಕ್ಕಿಂತ ಅಪಾಯ, ಏಕೆಂದರೆ ಅದನ್ನು ಒತ್ತಬೇಕಾಗುತ್ತದೆ, ಒತ್ತಿದ್ದು ಜಾರುತ್ತದೆ. ನೊರೆ ತುಂಬಿದ ಸಿಂಕಿನೊಳಗೆ ಚಾಕು ಬಿಡಬೇಡಿ. ಮಿಕ್ಸಿಯ ಜಾರಿನೊಳಗೆ ಬೆರಳು ಹಾಕಿ ಉಜ್ಜುವ ಬದಲು ನೀರು, ಒಂದು ಹನಿ ಸೋಪು ಹಾಕಿ ಮುಚ್ಚಳ ಮುಚ್ಚಿ ತಿರುಗಿಸಿ ಚೆಲ್ಲಿ. ಈಳಿಗೆಮಣೆಯನ್ನು ಕೆಲಸವಾದೊಡನೆ ಮಗುವಿಗೆ ಎಟುಕದಂತೆ ಎತ್ತಿಡಿ. ಕೈಯಿಂದ ಚಾಕು ಜಾರಿದರೆ ಹಿಡಿಯಲು ಹೋಗದೆ ಕಾಲು ಹಿಂದಕ್ಕೆಳೆದುಕೊಳ್ಳಿ, ಬೀಳಲಿ ಬಿಡಿ.

ಹತ್ತನೆಯ ದಿನ ಬ್ಯಾಂಕಿನ ಆ ತಾಯಿ ಕಡೆಯ ಡ್ರೆಸ್ಸಿಂಗ್‌ಗೆ ಬಂದಾಗ ಮಗನೂ ಬಂದಿದ್ದ. "ಅಪ್ಪ ಪಾತ್ರೆ ತೊಳೆದ್ರೆ ಸೋಪು ಹಾಗೇ ಇರುತ್ತೆ" ಎಂದು ನನಗೆ ದೂರು ಕೊಟ್ಟ. ಬೆರಳು ಮಾಯ್ದಿತ್ತು, ಆದರೆ ಪೂರ್ತಿ ಮಡಿಸಲು ಬರುತ್ತಿರಲಿಲ್ಲ. ಹತ್ತು ದಿನ ಕಟ್ಟಿಟ್ಟ ಬೆರಳು ಬಿಗಿಯುವುದು ಸಹಜ. ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು ದಿನಕ್ಕೆ ಮೂರು ನಾಲ್ಕು ಬಾರಿ ಮಡಿಸಿ ಬಿಡಿಸಲು ಹೇಳಿದೆ, ಗಾಯ ಮುಚ್ಚಿದೆಯಾದ್ದರಿಂದ ಈಗ ನೀರಿನ ಭಯವಿಲ್ಲ. ಎರಡು ವಾರದಲ್ಲಿ ಬಿಗಿತ ಬಿಡದಿದ್ದರೆ ಮತ್ತೆ ಬಂದು ತೋರಿಸಬೇಕು.